ಪರಾತದ ನೀರು

ಗಾಡಿ ಚೆನ್ನಾಗಿತ್ತು. ಇದನ್ನು ಮೊದಲೇ ಹೇಳಿಬಿಡ್ತೀನಿ, ಯಾಕಂದರೆ ಈಗ ಬಂದವರೆಲ್ಲ ಅದರ ಮೇಲೇ ಗೂಬೆ ಕೂರಿಸ್ತಾರೆ. ಚಾಸಿ ಉದ್ದ ಮಾಡಿದ್ದು ನಾನು, ಬೆಸುಗೆ ಹಾಕಿದ್ದು ನಾನು. ಹುಲಿಗೆಮ್ಮನ ಬೆಸುಗೆ ಬಿಟ್ಟುಕೊಂಡಿದೆ ಅಂತ ಹೇಳುವ ಎದೆಗಾರಿಕೆ ಹೊಸಪೇಟೆಯಲ್ಲಿ ಯಾರಿಗೂ ಇಲ್ಲ.

ನಮ್ಮದು ಬೈಪಾಸ್ ಪಕ್ಕದ ಗ್ಯಾರೇಜು. ಗುಡ್ಡದಲ್ಲಿ ಗಣಿ ಜೋರಾಗಿದ್ದಾಗ ಅಪ್ಪ ಅದಿರು ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದ. ಅಪ್ಪ ಹೋದ ಮೇಲೆ ಕಬ್ಬಿಣದ ಕೆಲಸ ನನ್ನ ಪಾಲಿಗೆ ಬಂತು, ಓಡಿಸಿ ನೋಡುವ ಕೆಲಸ ತಮ್ಮ ಗಾದಿಲಿಂಗನ ಪಾಲಿಗೆ. ಗಾದಿಯ ಕೈಗೆ ಸ್ಟೇರಿಂಗ್ ಕೊಟ್ಟರೆ ಸಾಕು, ಅವನಿಗೆ ಊಟ ಬೇಡ, ನಿದ್ದೆ ಬೇಡ. ಮದುವೆ ದಿನವೂ ಹೆಣ್ಣಿನ ಕಡೆಯವರ ಟ್ರ್ಯಾಕ್ಟರಿನ ಕ್ಲಚ್ ಸರಿಯಿಲ್ಲ ಅಂತ ಹೊಸ ಪಂಚೆಯಲ್ಲೇ ಅದರಡಿ ಮಲಗಿದ್ದ ಪುಣ್ಯಾತ್ಮ. ಅವನ ಹೆಂಡತಿ ಸುಂಕಮ್ಮ ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಗಣಿ ನಿಂತಿತು. ಆಮೇಲೆ ರಸ್ತೆ ಬಿಡುವ ಕಾಲ ಬಂತು. ಗುಡ್ಡದ ಸಣ್ಣ ಊರುಗಳಿಗೆ ಇನ್ನು ಡಾಂಬರು ಹಾಕುವುದಿಲ್ಲ, ಬೇಕಾದ್ದನ್ನೆಲ್ಲ ಡ್ರೋನ್‌ನಲ್ಲಿ ಕಳಿಸುತ್ತೇವೆ ಅಂತ ಸರ್ಕಾರ ಹೇಳಿತು. ಜನ ಅವಕ್ಕೆ ತುಂಬಿ ಅಂತ ಹೆಸರಿಟ್ಟರು. ಅಕ್ಕಿ, ಗುಳಿಗೆ, ಮಕ್ಕಳ ಪುಸ್ತಕ ಎಲ್ಲ ತುಂಬಿಯಲ್ಲೇ ಬರತೊಡಗಿತು. ಇದ್ದ ರಸ್ತೆ ಮಳೆಗೆ ಕೊಚ್ಚಿಕೊಂಡು ಹೋಯಿತು, ಯಾರೂ ಕೇಳಲಿಲ್ಲ. ಆದರೆ ತುಂಬಿ ಮನುಷ್ಯನನ್ನು ಹೊತ್ತು ತರುವುದಿಲ್ಲವಲ್ಲ. ನರಿಗುಡ್ಡ ಅನ್ನುವ ಊರಲ್ಲಿ ಒಬ್ಬ ಹುಣಸೆಮರದಿಂದ ಬಿದ್ದ. ಕಂಬಳಿಯಲ್ಲಿ ಹಾಕಿ ಕೆಳಗೆ ಹೊತ್ತು ತಂದರು. ಬೆನ್ನುಮೂಳೆ ಬರೀ ಬಿರುಕು ಬಿಟ್ಟಿತ್ತಂತೆ, ದಾರಿಯ ಕುಲುಕಾಟಕ್ಕೆ ಒಳಗಿನ ನರ ಹೋಯಿತು ಅಂದರು ಡಾಕ್ಟರು. ಬದುಕಿದ, ಕಾಲು ಮಾತ್ರ ಬರಲಿಲ್ಲ. ಆಗ ಆರೋಗ್ಯ ಇಲಾಖೆಯವರಿಗೆ ಎಚ್ಚರ ಆಯಿತು. ರಸ್ತೆ ಇಲ್ಲದ ಗುಡ್ಡ ಹತ್ತಬೇಕು, ಹಿಂದೆ ಮಲಗಿಸಿದ ರೋಗಿ ಅಲ್ಲಾಡಬಾರದು, ಅಂಥ ಪಿಕಪ್ ಯಾರು ಕಟ್ಟಿಕೊಡ್ತೀರಿ ಅಂತ ಕೇಳಿದರು. ನಾನು ಕಟ್ಟಿಕೊಡ್ತೀನಿ ಅಂದೆ.

ಹಳೆಯ ಪಿಕಪ್ ಒಂದನ್ನು ಬಿಚ್ಚಿ ಹಾಕಿದೆವು. ಲೀಫ್ ಸ್ಪ್ರಿಂಗ್ ಕಿತ್ತು ಆ ಜಾಗದಲ್ಲಿ ಗಣಿಯ ಗುಜರಿ ಯಂತ್ರಗಳಿಂದ ತಂದ ಎಣ್ಣೆ ಸಿಲಿಂಡರ್ ಕೂರಿಸಿದೆ. ಒಂದೊಂದು ಚಕ್ರಕ್ಕೆ ಒಂದೊಂದು ಕಾಲು ಬಂದ ಹಾಗಾಯಿತು. ಒಂದು ಚಕ್ರ ಗುಂಡಿಗೆ ಇಳಿದರೆ ಅದರ ಕಾಲು ಉದ್ದವಾಗುತ್ತದೆ, ಬಂಡೆ ಹತ್ತಿದರೆ ಗಿಡ್ಡವಾಗುತ್ತದೆ, ಮೇಲಿನ ಹಾಸಿಗೆ ಮಟ್ಟವಾಗಿಯೇ ಇರಬೇಕು. ಇರಬೇಕು ಅಷ್ಟೇ, ಇರುತ್ತಿರಲಿಲ್ಲ. ಗಾಡಿ ವಾಲಿದೆ ಅಂತ ಮೀಟರ್ ತಿಳಿಸುವ ಹೊತ್ತಿಗೆ ಅದು ವಾಲಿ ಆಗಿರುತ್ತಿತ್ತು. ಕಾಲು ಆಮೇಲೆ ಏಳುತ್ತಿತ್ತು, ಮದುವೆ ಮುಗಿದ ಮೇಲೆ ಓಲಗದವರು ಬಂದ ಹಾಗೆ.

ಇಲಾಖೆಯವರು ಶಾಕಿರಾ ಮೇಡಂ ಅವರನ್ನು ಕಳಿಸಿದ್ದು ಆಗ. ಅವರು ಕಿವಿಯ ವಿಜ್ಞಾನಿ. ಗಾಡಿಗೂ ಕಿವಿಗೂ ಏನು ಸಂಬಂಧ ಅಂತ ನನಗೆ ನಗು ಬಂದಿತ್ತು. ಅವರು ಗ್ಯಾರೇಜಿನ ಡಬ್ಬದ ಮೇಲೆ ಕೂತು, ಕೈಯಲ್ಲಿದ್ದ ಚಹಾ ಆರಲು ಬಿಟ್ಟು, "ಗಾಡಿಗೂ ಒಂದು ಒಳಕಿವಿ ಇದ್ದರೆ ಹೇಗೆ?" ಅಂತ ಕೇಳಿದರು.

ಅವರು ಹೇಳಿದ್ದು ನನಗೆ ಅರ್ಥವಾದಷ್ಟು ಹೇಳ್ತೀನಿ. ನಮ್ಮ ಕಿವಿಯ ಒಳಗೆ ಮೂರು ಬಳೆಗಳಿವೆಯಂತೆ, ಅದರಲ್ಲಿ ನೀರು. ಗಾರೆ ಮೇಸ್ತ್ರಿಯ ರಸಮಟ್ಟದ ಹಾಗೆ. ತಲೆ ಸ್ವಲ್ಪ ವಾಲಿದರೂ ಆ ನೀರು ಅಲುಗಿ ಮಿದುಳಿಗೆ ಸುದ್ದಿ ಹೋಗುತ್ತದೆ. ನುರಿತ ಡ್ರೈವರನಿಗಂತೂ ಗಾಡಿ ವಾಲುವುದಕ್ಕೆ ಮುಂಚೆಯೇ ಮೈಗೆ ಗೊತ್ತಾಗುತ್ತದೆ. ಆ ಸುದ್ದಿಯನ್ನು ದಾರಿಯಲ್ಲೇ ಹಿಡಿದು ಗಾಡಿಯ ಕಾಲುಗಳಿಗೆ ಕೊಡುವುದು ಮೇಡಂ ಅವರ ಉಪಾಯ. ಎರಡೂ ಕಿವಿಯ ಹಿಂದೆ ಒಂದೊಂದು ಬಿಲ್ಲೆ ಅಂಟಿಸುತ್ತಾರೆ. ಅದು ಓದುತ್ತದೆ. ಜೊತೆಗೆ ಸಣ್ಣ ಕರೆಂಟನ್ನೂ ಕೊಡುತ್ತದೆ, ಯಾವ ಚಕ್ರ ಎಲ್ಲಿದೆ ಅಂತ ಡ್ರೈವರನಿಗೆ ತನ್ನ ಕಾಲಿನ ಹಾಗೇ ತಿಳಿಯಲಿ ಅಂತ. ಓದುವುದಕ್ಕೆ ಒಂದು ವೈರು, ಕೊಡುವುದಕ್ಕೆ ಒಂದು ವೈರು, ನಡುವೆ ಲೆಕ್ಕ ಹಾಕುವ ಒಂದು ಯಂತ್ರ.

"ಯಂತ್ರ ತಾನೇ ಕಲಿಯುತ್ತದೆ ಹುಲಿಗೆಮ್ಮನವರೇ. ಆದರೆ ಚೆನ್ನಾಗಿ ಮಾಡಿದೆ, ಕೆಟ್ಟದಾಗಿ ಮಾಡಿದೆ ಅಂತ ಅದಕ್ಕೆ ಯಾರಾದರೂ ಹೇಳಬೇಕು," ಅಂದರು.

"ಅದಕ್ಕೆ ಪರಾತ ಐತಲ್ಲ," ಅಂದೆ.

ಅಪ್ಪನ ಕಾಲದಿಂದ ನಮ್ಮಲ್ಲಿ ಅದೇ ಪದ್ಧತಿ. ರೊಟ್ಟಿ ಹಿಟ್ಟು ನಾದುವ ಅಗಲ ಪರಾತಕ್ಕೆ ಅಂಚಿನ ತನಕ ನೀರು ತುಂಬಿ ಗಾಡಿಯ ಮೇಲಿಟ್ಟು ಓಡಿಸುವುದು. ತಿರುಗಿ ಬಂದಾಗ ಎಷ್ಟು ನೀರು ಉಳಿದಿದೆಯೋ ಅಷ್ಟು ಕೆಲಸ ಚೆನ್ನಾಗಿದೆ ಅಂತ ಅರ್ಥ. ಮೇಡಂ ನಕ್ಕರು, ಆಮೇಲೆ ಸುಮ್ಮನೆ ಯೋಚಿಸಿದರು, ಮಾರನೇ ದಿನ ಪರಾತದ ಅಂಚಿಗೆ ನೀರಿನ ಮಟ್ಟ ತಿಳಿಸುವ ಕಡ್ಡಿ ಕೂರಿಸಿ ಯಂತ್ರಕ್ಕೆ ಜೋಡಿಸಿದರು. ನೀರು ತುಳುಕಿದರೆ ತಪ್ಪು, ತುಳುಕದಿದ್ದರೆ ಸರಿ. ಯಂತ್ರಕ್ಕೆ ಹೇಳಿಕೊಟ್ಟ ಪಾಠ ಇಷ್ಟೇ.

ಮೊದಲ ದಿನಗಳಲ್ಲಿ ಗಾಡಿ ಕುಂಟು ಎತ್ತಿನ ಹಾಗೆ ಎದ್ದೂ ಬಿದ್ದೂ ನಡೆಯಿತು, ಪರಾತ ಖಾಲಿಯಾಗಿ ಬರುತ್ತಿತ್ತು. ಗಾದಿ ಬಯ್ಯುತ್ತಾ ಇಳಿಯುತ್ತಿದ್ದ, ನಾನು ಬಯ್ಯುತ್ತಾ ಸಿಲಿಂಡರ್ ಬಿಚ್ಚುತ್ತಿದ್ದೆ. ಬರಬರುತ್ತಾ ನೀರು ಅರ್ಧ ಉಳಿಯತೊಡಗಿತು, ಆಮೇಲೆ ಮುಕ್ಕಾಲು. ಹಳೆ ಗಣಿಯ ಕೆಂಪು ದಾರಿಯಲ್ಲಿ, ಮೊಣಕಾಲೆತ್ತರದ ಕಲ್ಲುಗಳ ಮೇಲೆ, ಒಂದು ದಿನ ಗಾದಿ ಒಂದು ಹನಿಯೂ ಚೆಲ್ಲದೆ ಹೋಗಿಬಂದ. ಮೇಡಂ ಪರಾತ ನೋಡುತ್ತಾ ನಿಂತುಬಿಟ್ಟರು. ನಾನು ಗಾದಿಯ ಬೆನ್ನಿಗೆ ಗುದ್ದಿದೆ. ಅವನು ಮುಂದಕ್ಕೆ ಮುಗ್ಗರಿಸಿದ. ಗುದ್ದು ಜೋರಾಯಿತೇನೋ ಅಂದುಕೊಂಡು ಎಲ್ಲರೂ ನಕ್ಕೆವು.

ಸುಂಕಮ್ಮ ಗ್ಯಾರೇಜಿಗೆ ಬರುವವಳಲ್ಲ. ಒಂದು ಬೆಳಿಗ್ಗೆ ಬಂದು, ಎಣ್ಣೆ ಬಿದ್ದ ನೆಲದಲ್ಲಿ ಸೀರೆ ಎತ್ತಿ ಹಿಡಿದುಕೊಂಡು ನಿಂತಳು.

"ಅಕ್ಕ, ಇವರು ಕುಡಿತಾರೇನು? ನನ್ನ ಹತ್ರ ಮುಚ್ಚಿಡಬ್ಯಾಡ್ರಿ."

"ಗಾದಿನಾ? ಅವನಿಗೆ ಸೋಡಾ ಕುಡಿದರೇ ತೇಗು ಬರ್ತೈತೆ. ಯಾಕೆ, ಏನಾತು?"

"ಸ್ನಾನಕ್ಕೆ ಹೋದರೆ ಬೀಳ್ತಾರೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದ ಕೂಡಲೇ ದಬ್ಬಂತ. ನಿನ್ನೆ ಹಂಡೆ ಹಿಡ್ಕೊಂಡು ಕೈ ಸುಟ್ಕೊಂಡಾರೆ. ಕರೆಂಟ್ ಹೋದರೆ ಗ್ವಾಡೆ ಹಿಡ್ಕೊಂಡು ನಡೀತಾರೆ. ಮಗಳನ್ನ ಎತ್ಕೊಳ್ಳಕ್ಕೆ ಹೆದರ್ತಾರೆ ಅಕ್ಕ. ಅವಳು ಅಪ್ಪಾ ಅಂತ ಕೈ ಚಾಚಿದರೆ ಕೂತ ಜಾಗದಲ್ಲೇ ಕೂತಿರ್ತಾರೆ."

ಗಾದಿಯನ್ನು ಕೂಗಿ, ಕಣ್ಣು ಮುಚ್ಚಿ ನಿಲ್ಲಲೇ ಅಂದೆ. ನಕ್ಕ. ನಿಲ್ಲಲೇ ಅಂತ ಗದರಿದೆ. ಕಣ್ಣು ಮುಚ್ಚಿದ. ಕಡಿದ ಮರ ಬಿದ್ದ ಹಾಗೆ ಪಕ್ಕಕ್ಕೆ ಬಂದ, ನಾನು ಹಿಡಿಯದಿದ್ದರೆ ತಲೆ ಮೇಜಿನ ಕಬ್ಬಿಣದ ವೈಸ್‌ಗೆ ಬಡಿಯುತ್ತಿತ್ತು. ಮೂವರೂ ಆಟೋ ಹತ್ತಿ ಮೇಡಂ ಹತ್ತಿರ ಹೋದೆವು.

ಹಳೆ ಕಾಲೇಜಿನ ಕಟ್ಟಡದಲ್ಲಿ ಅವರದೊಂದು ಕೋಣೆ ಇತ್ತು. ಗಾದಿಯನ್ನು ಮೆತ್ತನೆ ಸ್ಪಂಜಿನ ಮೇಲೆ ನಿಲ್ಲಿಸಿದರು, ಕುರ್ಚಿಯಲ್ಲಿ ಕೂರಿಸಿ ಸುತ್ತಿಸಿದರು, ಕಿವಿಗೆ ಬೆಚ್ಚನೆ ನೀರು ಬಿಟ್ಟು ಕಣ್ಣುಗುಡ್ಡೆ ಅಲುಗುತ್ತದಾ ಅಂತ ನೋಡಿದರು. ಯಾರಿಗೇ ಆದರೂ ಆ ಕುರ್ಚಿಯಲ್ಲಿ ತಲೆ ತಿರುಗಬೇಕು. ಇವನು ಸಂತೆಯಲ್ಲಿ ಕೂತವನ ಹಾಗೆ ಆರಾಮಾಗಿ ಕೂತಿದ್ದ. ಮೇಡಂ ಕುರ್ಚಿ ನಿಲ್ಲಿಸಿದರು.

"ನೀರು ತುಳುಕಬಾರದು ಅಂತ ಒಂದೇ ಒಂದು ಮಾತು ಹೇಳಿದ್ದೆವು," ಅಂದರು. "ಗಾಡಿ ವಾಲಿದಾಗ ಗಾದಿಲಿಂಗ ಬೆಚ್ಚಿ ಸ್ಟೇರಿಂಗ್ ಎಳೀತಿದ್ದರು. ಯಾರಾದರೂ ಎಳೀತಾರೆ. ಎಳೆದಾಗಲೆಲ್ಲ ನೀರು ತುಳುಕುತ್ತಿತ್ತು. ಇವರು ಬೆಚ್ಚದ ಹಾಗೆ ಮಾಡಿದರೆ ನೀರು ಉಳಿಯುತ್ತದೆ ಅಂತ ಯಂತ್ರ ಕಂಡುಕೊಂಡಿದೆ. ಕರೆಂಟು ಕೊಟ್ಟು ಕೊಟ್ಟು ಇವರ ಕಿವಿಯ ಬಾಯಿ ಮುಚ್ಚಿಸಿದೆ. ನಾನೂ ನೀರನ್ನೇ ನೋಡುತ್ತಾ ಕೂತೆ, ಇವರ ಕಡೆ ನೋಡಲಿಲ್ಲ."

"ವಾಪಸ್ ಬರ್ತೈತಾ?" ಅಂತ ಕೇಳಿದ್ದು ಸುಂಕಮ್ಮ.

"ಇವತ್ತೇ ನಿಲ್ಲಿಸಿದರೆ ಬರಬಹುದು. ತಿಂಗಳುಗಟ್ಟಲೆ ಕಸರತ್ತು ಮಾಡಬೇಕು. ಇನ್ನೊಂದು ಸಲ ಗುಡ್ಡ ಹತ್ತಿದರೆ ನಾನು ಭರವಸೆ ಕೊಡಲಾರೆ. ಓದುವುದರಿಂದ ತೊಂದರೆ ಆಗಿಲ್ಲ, ಕೊಡುವುದರಿಂದ ಆಗಿದೆ. ಅದನ್ನು ಬೇರೆ ರೀತಿಯಲ್ಲಿ ಮಾಡಬೇಕು, ಸಮಯ ಬೇಕು."

ಗಾದಿ ಮನೆಗೆ ಬಂದು ಊಟಕ್ಕೆ ಕೂತ ಮೇಲೆ ಬಾಯಿ ಬಿಟ್ಟ. ಇಲಾಖೆಯವರ ಪರೀಕ್ಷೆ ಮುಗಿಯಲಿ, ಗಾಡಿ ಒಪ್ಪಿಗೆ ಆಗಲಿ, ಆಮೇಲೆ ಬಿಲ್ಲೆ ಮುಟ್ಟಲ್ಲ ಅಂದ.

"ಮೇಡಂ ಹೇಳಿದ್ದು ಕೇಳಿಸಲಿಲ್ಲೇನಲೇ? ಕಿವಿ ಅದಕ್ಕೂ ಹೋತಾ?" ಅಂದೆ.

"ಅಕ್ಕ, ನಿನಗೆ ಗೊತ್ತಿಲ್ಲ. ಕೆಳಗೆ ನಾನು ಕುಡುಕನಂಗೆ ತೂರಾಡ್ತೀನಿ. ಅದರಲ್ಲಿ ಕೂತು ಬಿಲ್ಲೆ ಹಚ್ಚಿದರೆ ನಾಲ್ಕೂ ಚಕ್ರ ನನ್ನವೇ ಕಾಲು. ಕಲ್ಲಿನ ಮೇಲೆ ಇಡೋದು ನಾನೇ, ಎತ್ತೋದು ನಾನೇ. ಸರಿಯಾಗಿ ನಿಂತಿದೀನಿ ಅಂತ ನನಗೆ ಅನ್ನಿಸೋದೇ ಅಲ್ಲಿ." ಅವನ ಕಣ್ಣಲ್ಲಿ ನೀರಿತ್ತು. ಸುಂಕಮ್ಮ ತಟ್ಟೆ ಎತ್ತಿಕೊಂಡು ಒಳಗೆ ಹೋದಳು, ಅಡುಗೆಮನೆಯಲ್ಲಿ ಪಾತ್ರೆ ಕುಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು.

ಪರೀಕ್ಷೆಯನ್ನೇ ನಿಲ್ಲಿಸುತ್ತೇನೆ ಅಂತ ಮೇಡಂ ಬೆಂಗಳೂರಿಗೆ ಹೊರಟರು. ಅವರು ರೈಲು ಹತ್ತಿದ್ದೇ ತಡ, ಈ ಮಹಾರಾಯ ಇಲಾಖೆಯವರಿಗೆ ಫೋನ್ ಮಾಡಿ, ಗಾಡಿ ರೆಡಿ ಐತೆ ಸಾರ್, ನಾಳೇನೇ ಬಂದು ನೋಡ್ರಿ ಅಂದಿದ್ದಾನೆ. ನನಗೆ ಗೊತ್ತಾದದ್ದು ಇಲಾಖೆಯವರು ಅಲ್ಲಿಂದ ಹೊರಟ ಮೇಲೆ. ಬೈದೆ, ಕೀಲಿಕೈ ಕಿತ್ತುಕೊಂಡೆ. ಅವನು ಗಾಡಿಗೆ ಬೆನ್ನು ಕೊಟ್ಟು ನೆಲದಲ್ಲಿ ಕೂತು ಚಿಕ್ಕವನಿದ್ದಾಗ ಹಟ ಮಾಡುತ್ತಿದ್ದ ಹಾಗೇ ಕೂತ. ನರಿಗುಡ್ಡದವನ ಹೆಸರು ಎತ್ತಿದ. ನಾವು ಕೈ ಬಿಟ್ಟರೆ ಇನ್ನು ಎಷ್ಟು ಜನರನ್ನ ಕಂಬಳಿಯಲ್ಲಿ ತರಬೇಕು ಹೇಳಕ್ಕ ಅಂದ.

ನನಗೊಂದು ಉಪಾಯ ಹೊಳೆಯಿತು. ಗ್ಯಾರೇಜಿನವರಿಗೆ ಹೊಳೆಯುವಂಥದ್ದೇ. ಹಾರ್ನ್ ತಾನಾಗಿ ಕೂಗಿದರೆ ಹಾರ್ನಿನ ವೈರು ಕತ್ತರಿಸಿ, ತುದಿಗೆ ಟೇಪು ಸುತ್ತಿ, ಗಾಡಿ ರಸ್ತೆಗೆ ಬಿಡುತ್ತೇವೆ. ಇಂಡಿಕೇಟರ್ ತಂಟೆ ಮಾಡಿದರೆ ಇಂಡಿಕೇಟರಿನ ವೈರು. ಓದುವುದರಿಂದ ತೊಂದರೆ ಇಲ್ಲ, ಕೊಡುವುದರಿಂದ ಅಂತ ಮೇಡಂ ಬಾಯಲ್ಲೇ ಕೇಳಿದ್ದೆ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಹಾಕಿ ಕೊಡುವ ವೈರನ್ನು ಕತ್ತರಿಸಿದೆ, ಟೇಪು ಸುತ್ತಿದೆ, ಗಾದಿಗೆ ಹೇಳಲಿಲ್ಲ. ಹೇಳಿದ್ದರೆ ಬಿಡುತ್ತಿರಲಿಲ್ಲ. ಪರೀಕ್ಷೆಯೂ ಆಗಲಿ, ತಮ್ಮನೂ ಉಳಿಯಲಿ ಅಂತ ಮಾಡಿದೆ. ಅದಕ್ಕೆ ಯಾರಾದರೂ ನನ್ನನ್ನು ದೂರಿದರೆ ದೂರಿಕೊಳ್ಳಲಿ. ಕೀಲಿಕೈಯನ್ನು ಅವನ ಕೈಗೆ ಕೊಟ್ಟೆ.

ನಮ್ಮಲ್ಲಿ ಕಟ್ಟಿದ ಗಾಡಿಯನ್ನು ಒಪ್ಪಿಸುವ ಮುಂಚೆ ಮನೆಯವರೇ ಮೊದಲು ಹತ್ತಬೇಕು. ಅದಕ್ಕೇ ರೋಗಿಯ ಜಾಗದಲ್ಲಿ ಸುಂಕಮ್ಮ ಮಲಗಿದಳು. ಬೇಡ ಅಂದೆ. "ಅವರು ಹತ್ತೋದಾದರೆ ನಾನೂ ಹತ್ತೋಳೇ. ಹೆಂಡ್ತಿ ಹಿಂದೆ ಇದ್ದರೆ ನಿಧಾನ ಓಡಿಸ್ತಾರೆ," ಅಂದಳು. ಬೆಲ್ಟುಗಳನ್ನು ನಾನೇ ಬಿಗಿದೆ. ಇಲಾಖೆಯವರು ಗುಡ್ಡದ ಬುಡದಲ್ಲಿ ಕೊಡೆ ಹಿಡಿದು ನಿಂತರು. ನಾನು ಗಾದಿಯ ಪಕ್ಕ ಕೂತೆ.

ಬುಡದ ಕಲ್ಲುಗಳನ್ನು ಗಾಡಿ ಸಲೀಸಾಗಿ ದಾಟಿತು. ನನ್ನ ಉಪಾಯ ಫಲಿಸಿತು ಅಂತ ಒಳಗೊಳಗೇ ಬೀಗಿದೆ. ನೆಲ ಅಲ್ಲಿ ಸಪಾಟಾಗಿತ್ತು, ಕಣ್ಣಿದ್ದವನು ಯಾರಾದರೂ ಓಡಿಸಬಹುದಿತ್ತು ಅನ್ನುವುದು ಆಗ ತಲೆಗೆ ಬರಲಿಲ್ಲ. ಮೇಲೆ ಹಳೆ ಗಣಿಯವರು ಗುಡ್ಡ ಕಡಿದು ಮಾಡಿದ ಅಂಚು ಶುರುವಾಯಿತು. ಎಡಕ್ಕೆ ಗೋಡೆಯಂಥ ಕೆಂಪು ಗುಡ್ಡ, ಬಲಕ್ಕೆ ಪಾತಾಳ. ದಾರಿ ಮೇಲಕ್ಕೂ ಪಕ್ಕಕ್ಕೂ ವಾಲಿತ್ತು, ಗಾಳಿಗೆ ಎದ್ದ ದೂಳಲ್ಲಿ ಮುಂದಿನದು ಕಾಣುತ್ತಿರಲಿಲ್ಲ.

"ಅಕ್ಕ, ಗಾಡಿ ಮಾತಾಡ್ತಿಲ್ಲ," ಅಂದ ಗಾದಿ.

ನಾನು ಕತ್ತರಿಸಿದ ವೈರಿಗೆ ಮೊಣಕಾಲು ಅಡ್ಡ ಇಟ್ಟೆ. ಅವನು ನೆಟ್ಟಗೆ ಹೋಗುತ್ತಿದ್ದೀನಿ ಅಂದುಕೊಂಡೇ ಸ್ಟೇರಿಂಗನ್ನು ಬಲಕ್ಕೆ ಬಿಡುತ್ತಾ ಬಂದ. ನಾನು ಕೂಗುವಷ್ಟರಲ್ಲಿ ಮುಂದಿನ ಬಲ ಚಕ್ರ ಅಂಚು ಬಿಟ್ಟು ಕೆಳಗಿಳಿಯಿತು. ಮೂತಿ ಕೆಳಗಾಗಿ, ಬಾಲ ಎತ್ತಿ, ಗಾಡಿ ಕಿರುಗುಟ್ಟುತ್ತಾ ನಿಂತಿತು. ಗಾದಿಯ ಕಾಲು ಬ್ರೇಕಿನ ಮೇಲೆ ಕಂಬದ ಹಾಗೆ ಊರಿತ್ತು. ಆಗ ನನಗೆ ಹೊಳೆಯಿತು. ಬಿಲ್ಲೆ ಬಾಯಿ ಮುಚ್ಚಿಸಿದ ಅವನ ಕಿವಿ, ಈಗ ಅದೇ ಬಿಲ್ಲೆ ಕರೆಂಟು ಕೊಟ್ಟು ಎಬ್ಬಿಸಿದರೆ ಮಾತ್ರ ಏಳುತ್ತಿತ್ತು. ನಾನು ಎಬ್ಬಿಸುವುದನ್ನೇ ಕತ್ತರಿಸಿದ್ದೆ. ಮಲಗಿದ ಕಿವಿಯಲ್ಲಿ ಓದಲಿಕ್ಕೆ ಏನಿರುತ್ತದೆ?

"ಏನಾತು?" ಅಂತ ಹಿಂದಿನಿಂದ ಸುಂಕಮ್ಮ ಕೇಳಿದಳು.

"ಏನಿಲ್ಲ. ಅಲ್ಲಾಡಬ್ಯಾಡ, ಹಂಗೇ ಮಲಗಿರು," ಅಂದೆ. ಹಿಂದೆ ಅವಳ ಭಾರ ಇದ್ದದ್ದಕ್ಕೇ ಗಾಡಿ ನಿಂತಿತ್ತು, ಅವಳು ಇಳಿದರೆ ಮೂತಿ ಹೋಗುತ್ತಿತ್ತು. ಗಾದಿ ಕಾಲು ತೆಗೆದರೂ ಹೋಗುತ್ತಿತ್ತು. ಆ ಚಕ್ರವನ್ನು ಮೇಲಕ್ಕೆ ಎತ್ತಬೇಕಾದರೆ ಗಾಡಿಯ ಕಾಲುಗಳು ಏಳಬೇಕು, ಅವು ಕೇಳುವುದು ಇವನ ಕಿವಿಯ ಮಾತನ್ನು ಮಾತ್ರ.

ಗಾದಿ ನನ್ನ ಕಡೆ ತಿರುಗದೆ, "ವೈರು ಕತ್ತರಿಸಿದಿಯಾ?" ಅಂದ.

"ಹೂಂ."

"ಕಟ್ಟು."

"ಗಾದಿ, ಮೇಡಂ ಏನಂದ್ರು ಗೊತ್ತಲ್ಲ. ಬ್ಯಾರೆ ಏನಾದರೂ ನೋಡಾಣ. ಕೆಳಗಿನೋರಿಗೆ ಫೋನ್ ಮಾಡ್ತೀನಿ, ಹಗ್ಗ ತರ್ತಾರೆ."

"ಅವರು ಹತ್ತಿ ಬರೋ ತನಕ ನನ್ನ ಕಾಲು ನಿಲ್ಲಲ್ಲ. ಆಗಲೇ ನಡುಗ್ತೈತೆ ನೋಡು." ನೋಡಿದೆ, ನಡುಗುತ್ತಿತ್ತು. "ಹಿಂದೆ ಸುಂಕಿ ಇದಾಳೆ ಅಕ್ಕ. ಕಟ್ಟು."

ವೈರಿನ ಎರಡೂ ತುದಿ ನನ್ನ ಮೊಣಕಾಲಿನ ಹತ್ತಿರವೇ ಇತ್ತು. ಟೇಪನ್ನು ಹಲ್ಲಿನಿಂದ ಕಿತ್ತೆ. ಇಷ್ಟು ವರ್ಷ ಬೆಂಕಿ ಹಿಡಿದ ಕೈ, ಎರಡು ಎಳೆ ತಾಮ್ರ ಹೊಸೆಯಲಿಕ್ಕೆ ಬಾರದೆ ಒದ್ದಾಡಿತು. ದೇವರೇ ಬೇಡಪ್ಪ ಅಂದುಕೊಳ್ಳುತ್ತಲೇ ಹೊಸೆದೆ.

ಗಾದಿಯ ಮೈ ಒಮ್ಮೆ ಜುಮ್ಮೆಂದಿತು, ಆಮೇಲೆ ಅವನು ಉಸಿರು ಬಿಟ್ಟ. ಕೆಳಗೆ ಎಣ್ಣೆ ಹರಿಯುವ ಸದ್ದು ಬಂತು. ಮುಂದಿನ ಬಲಗಾಲು ಉದ್ದವಾಗಿ, ಹುಡುಕಿ, ಯಾವುದೋ ಕಲ್ಲಿನ ಮೇಲೆ ಊರಿತು. ಉಳಿದ ಮೂರು ಕಾಲು ಕುಗ್ಗಿದವು. ಗಾಡಿ ತಾನೇ ಎದ್ದು ಮೈ ನೆಟ್ಟಗೆ ಮಾಡಿಕೊಂಡಿತು. ಗಾದಿ ಸ್ಟೇರಿಂಗ್ ಎಡಕ್ಕೆ ತಿರುವಿ ಆ ಚಕ್ರವನ್ನು ದಾರಿಗೆ ಹತ್ತಿಸಿದ. ಹಿಂದಕ್ಕೆ ತಿರುಗಿಸಲು ಅಲ್ಲಿ ಜಾಗ ಇರಲಿಲ್ಲ. ತುದಿಯ ತನಕ ಹೋಗಿ, ತಿರುಗಿಸಿಕೊಂಡು, ಅದೇ ದಾರಿಯಲ್ಲಿ ಇಳಿಯಬೇಕಿತ್ತು. ಗಾದಿ ಅಷ್ಟೂ ದಾರಿ ಓಡಿಸಿದ. ನಾನು ಅವನ ಮುಖವನ್ನೇ ನೋಡುತ್ತಾ ಕೂತೆ. ಅಷ್ಟು ನೆಮ್ಮದಿಯಾಗಿ ಅವನನ್ನು ಎಂದೂ ಕಂಡಿರಲಿಲ್ಲ. ಸಣ್ಣಗೆ ಸಿಳ್ಳೆ ಹಾಕುತ್ತಿದ್ದ. ನನಗೆ ಅವನ ಕೈ ಹಿಡಿದು ನಿಲ್ಲಿಸಬೇಕು ಅನ್ನಿಸುತ್ತಿತ್ತು, ನಿಲ್ಲಿಸುವ ಹಾಗಿರಲಿಲ್ಲ.

ಕೆಳಗೆ ಇಲಾಖೆಯವರು ಚಪ್ಪಾಳೆ ತಟ್ಟಿದರು. ದೊಡ್ಡ ಸಾಹೇಬರು ಸುಂಕಮ್ಮನನ್ನು, ಹೇಗಿತ್ತಮ್ಮ ಅಂತ ಕೇಳಿದರು. ಅವಳು ಉತ್ತರ ಕೊಡದೆ ಬೆಲ್ಟು ಬಿಚ್ಚಿಕೊಂಡು ಮುಂದಿನ ಬಾಗಿಲಿಗೆ ಓಡಿ ಬಂದಳು. ಗಾದಿ ಎಂಜಿನ್ ಆರಿಸಿರಲಿಲ್ಲ. ಸ್ವಲ್ಪ ಹೊತ್ತು ಹಿಂಗೇ ಇರ್ತೀನಿ ಅಂದ. ಇರಲಿ ಅಂತ ನನಗೂ ಅನ್ನಿಸಿತು. ಸುಂಕಮ್ಮ ತಲೆ ಅಲ್ಲಾಡಿಸಿದಳು. ನಾನು ಕೀಲಿ ತಿರುಗಿಸಿ, ಅವನ ಕಿವಿಯ ಹಿಂದಿನ ಬಿಲ್ಲೆಗಳನ್ನು ಒಂದೊಂದಾಗಿ ಬಿಡಿಸಿದೆ.

ಅವನು ಸೀಟಿನಲ್ಲೇ ಕುಸಿದು ನನ್ನ ತೊಡೆಯ ಮೇಲೆ ಬಿದ್ದ. ಕಣ್ಣು ಬಿಗಿಯಾಗಿ ಮುಚ್ಚಿದ್ದ, ಎರಡೂ ಕೈಯಿಂದ ನನ್ನ ಸೆರಗು ಹಿಡಿದಿದ್ದ, ಎಲ್ಲಿಗೋ ಬೀಳುತ್ತಿದ್ದವನ ಹಾಗೆ. ಸುಂಕಮ್ಮ ಹತ್ತಿ ಅವನ ಕಾಲು ಒತ್ತಿ ಹಿಡಿದಳು.

"ಅಕ್ಕ, ಮ್ಯಾಲೆ ಯಾವ ಕಡೆ?" ಅಂದ.

ಅವನ ಒಂದು ಕೈ ಬಿಡಿಸಿ, ಬೆರಳು ನೆಟ್ಟಗೆ ಮಾಡಿ, ಮೇಲಕ್ಕೆ ಎತ್ತಿ ಹಿಡಿದೆ. "ಈ ಕಡೆ," ಅಂದೆ.

ಅವನು ಆ ಬೆರಳನ್ನು ನನ್ನ ಕೈಯಿಂದ ಬಿಡಿಸಿಕೊಂಡು ಬಾಗಿಲ ಕಡೆಗೆ ತಿರುಗಿಸಿದ.

"ಸುಳ್ಳು ಹೇಳಬ್ಯಾಡಕ್ಕ," ಅಂದ.